ಹಂದಿ ರೂಪಾಯಿ

ನಮ್ಮ ಅಜ್ಜಿಯ ಟ್ರಂಕಿನಲ್ಲಿ ಐದನೇ ಜಾರ್ಜ್ ಚಕ್ರವರ್ತಿಯ ಮುದ್ರೆಯಿದ್ದ ಕೆಲವು ಬೆಳ್ಳಿ ರೂಪಾಯಿಗಳಿದ್ದವು. ಒಂದೊಂದೂ ಒಂದು ತೊಲ, ಅಂದರೆ 11.66 ಗ್ರಾಂ ತೂಕ. ನಾನು ಈ ಶಾಲೆಯಲ್ಲಿ ಓದುತ್ತಿದ್ದಾಗ ಅಕ್ಕನ ಕಾಲುಚೈನಿಗೆಂದು ಅವನ್ನು ಕರಗಿಸಿದರು. ಮೇಲಿದ್ದ ಇಸವಿಯನ್ನು ಯಾರೂ ನೋಡಲಿಲ್ಲ.

ಆ ಇಸವಿಗೆ ಒಂದು ಇತಿಹಾಸವಿದೆ. 1911ರ ರೂಪಾಯಿಯಲ್ಲಿ ದೊರೆಯ ಚಿತ್ರ ರೂಪಿಸಿದವರು ಆಸ್ಟ್ರೇಲಿಯಾದ ಶಿಲ್ಪಿ ಬರ್ಟ್ರಾಮ್ ಮೆಕೆನಲ್. ದೊರೆಯ ನಿಲುವಂಗಿಯ ಮೇಲೆ ಪುಟ್ಟದೊಂದು ಆನೆಯಿತ್ತು. ಅದರ ಸೊಂಡಿಲು ಮೋಟಾಗಿದ್ದುದರಿಂದ ಜನರ ಕಣ್ಣಿಗೆ ಹಂದಿಯಂತೆ ಕಂಡಿತು. ಹಂದಿ ನಿಷಿದ್ಧವೆಂದು ನಂಬುವ ಮುಸ್ಲಿಮರಿಗೆ ಇದರಿಂದ ನೋವಾಯಿತು. ಸರ್ಕಾರ ಆ ನಾಣ್ಯದ ವಿತರಣೆ ನಿಲ್ಲಿಸಿ, ಬಹುಪಾಲನ್ನು ಕರಗಿಸಿತು. 1912ರಲ್ಲಿ ಆನೆಯ ಸೊಂಡಿಲು ಉದ್ದವಾಗಿ ಕಾಣುವಂತೆ ತಿದ್ದಿ ಹೊಸ ನಾಣ್ಯ ಟಂಕಿಸಿದರು.

ಅಂದು ಬೇಡವಾದ ಆ ನಾಣ್ಯವನ್ನೇ ಇಂದು ಸಂಗ್ರಾಹಕರು 'ಹಂದಿ ರೂಪಾಯಿ' ಎಂದು ಕರೆದು, 1912ರದ್ದರ ಪಕ್ಕದಲ್ಲಿಟ್ಟು, ಭೂತಗನ್ನಡಿ ಹಿಡಿದು ಸವಿಯುತ್ತಾರೆ. ನಾನೂ ಹಾಗೆ ನೋಡಿದ್ದೇನೆ. ನನಗೆ ಕಂಡದ್ದು ಆನೆಯೇ, ಅದೂ ಮುದ್ದಾದ ಮರಿಯಾನೆ! ಅಪರೂಪವಾದದ್ದಕ್ಕೆ ಚೆಲುವೂ ಬಂತೇನೋ. ಆದರೆ ಅಂದಿನವರ ನೋವೂ ಸುಳ್ಳಲ್ಲ. ದಿನವೂ ಕೈಯಲ್ಲಿ ಹಿಡಿಯಬೇಕಾದವನ ಕಣ್ಣೇ ಬೇರೆ, ಪೆಟ್ಟಿಗೆಯಲ್ಲಿಟ್ಟು ನೋಡುವವನ ಕಣ್ಣೇ ಬೇರೆ.

ಊರಿನ ಹಿರಿಯರಲ್ಲಿ, ಗೆಳೆಯರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಹಳೆಯ ರೂಪಾಯಿ ಇದ್ದರೆ, ಅಕ್ಕಸಾಲಿಗರಿಗೆ ಕೊಡುವ ಮೊದಲು ಇಸವಿ ಓದಿ. ಮಕ್ಕಳಿಗೂ ತೋರಿಸಿ. ಕರಗಿದ ಮೇಲೆ ಉಳಿಯುವುದು ಬೆಳ್ಳಿ ಮಾತ್ರ.