ನಕಾಸೆಂಡೋ ಹೆದ್ದಾರಿಯ ಮಜಲುಗಳು

ಜಪಾನಿನಲ್ಲಿ ತೊಕುಗಾವ ವಂಶದ ಷೋಗುನರು ಚಕ್ರವರ್ತಿಯ ಹೆಸರಿನಲ್ಲಿ ರಾಜ್ಯಭಾರ ಮಾಡುತ್ತಿದ್ದ ಕಾಲದಲ್ಲಿ, ಅವರ ಎಡೋ ನಗರದಿಂದ, ಎಂದರೆ ಇಂದಿನ ಟೋಕಿಯೋದಿಂದ, ಚಕ್ರವರ್ತಿಯಿದ್ದ ಕ್ಯೋಟೋವಿಗೆ ಎರಡು ಹೆದ್ದಾರಿಗಳಿದ್ದುವು. ಕಡಲ ಕರೆಯನ್ನು ಹಿಡಿದು ಹೋದುದು ತೋಕೈಡೋ. ಅದರ 53 ಮಜಲುಗಳನ್ನು ಹಿರೋಷಿಗೆ ಎಂಬ ಚಿತ್ರಕಾರನು 1830ರ ದಶಕದಲ್ಲಿ ಚಿತ್ರಿಸಿ ಲೋಕಪ್ರಸಿದ್ಧಗೊಳಿಸಿದನು. ಬೆಟ್ಟಗಳ ನಡುವೆ ಹಾದುದು ನಕಾಸೆಂಡೋ. ಉದ್ದ ಸುಮಾರು 330 ಮೈಲಿ, ಮಜಲುಗಳು 69. ನಾವು ಈಗ ವಿಚಾರಿಸಬೇಕೆಂದಿರುವುದು ಇದನ್ನೇ.

1635ರಲ್ಲಿ ಹೊರಟ ಶಾಸನದಂತೆ ಸಾಮಂತಪ್ರಭುಗಳು ಸರದಿಯ ಮೇಲೆ ಎಡೋವಿಗೆ ಬಂದು ವಾಸಮಾಡಬೇಕಾಗಿದ್ದಿತು. ಅವರು ಒಬ್ಬೊಬ್ಬರಾಗಿ ಬರುವರೆ? ಭಟರು, ಪಲ್ಲಕ್ಕಿ, ಪೆಟ್ಟಿಗೆಗಳೊಡನೆ ಒಂದು ದಂಡೇ ಬರುತ್ತಿದ್ದಿತು. ಪ್ರಭುವಿನ ಬಿಡಾರಕ್ಕೆ ಪ್ರತಿ ಮಜಲಿನಲ್ಲಿಯೂ ‘ಹೊಂಜಿನ್’ ಎಂಬ ದೊಡ್ಡ ಮನೆ. ಸಾಮಾನನ್ನು ಮುಂದಿನ ಮಜಲಿಗೆ ಮುಟ್ಟಿಸಲು ಆಳು, ಕುದುರೆ. ನಕಾಸೆಂಡೋವಿನ ಮಜಲೊಂದಕ್ಕೆ ಸಾಮಾನ್ಯವಾಗಿ 50 ಆಳು, 50 ಕುದುರೆಗಳೆಂದು ಕಟ್ಟಳೆಯಿದ್ದಿತು.

ಇಷ್ಟು ಸಾಲದೆ ಹೋದಾಗ ಸುತ್ತಣ ಹಳ್ಳಿಗಳು ಕೊರತೆಯನ್ನು ತುಂಬಿಕೊಡಬೇಕು. ಇದಕ್ಕೆ ‘ಸುಕೆಗೋ’ ಎಂದು ಹೆಸರು. ಕೂಲಿಯೇನೋ ಉಂಟು, ಆದರೆ ಅದು ಸರ್ಕಾರ ಗೊತ್ತುಮಾಡಿದ ಅಲ್ಪದರ. ಹಳ್ಳಿಯಿಂದ ಮಜಲಿಗೆ ನಡೆದುಬರುವ, ಹಿಂದಿರುಗುವ ಹೊತ್ತನ್ನು ಎಣಿಸಿದರೆ ಇದು ನಮ್ಮವರು ಬಿಟ್ಟಿಯೆಂದು ಕರೆಯುವುದಕ್ಕಿಂತ ಬಹಳ ದೂರವಿಲ್ಲ. ನಾಟಿಯೆಂದಾಗಲಿ ಕೊಯ್ಲೆಂದಾಗಲಿ ರೈತನು ತಪ್ಪಿಸಿಕೊಳ್ಳುವಂತಿರಲಿಲ್ಲ. ಹಿರೋಷಿಗೆಯ ಚಿತ್ರಗಳಲ್ಲಿ ಹೊರೆಯಾಳುಗಳು ಚೆಲುವಾಗಿ ಕಾಣುತ್ತಾರೆ. ಅವರ ಹೊಲವನ್ನು ಉತ್ತವರು ಯಾರೆಂಬುದನ್ನು ಚಿತ್ರವು ಹೇಳದು.

ನಿಕ್ಕೋ ಕ್ಷೇತ್ರದಲ್ಲಿ 1765ರಲ್ಲಿ ಮೊದಲ ಷೋಗುನ ಇಯೆಯಾಸುವಿನ 150ನೆಯ ವರ್ಷದ ಪುಣ್ಯತಿಥಿ ಬಂದಿತು. ಅದರ ಸಂಚಾರಕ್ಕಾಗಿ ನಕಾಸೆಂಡೋವಿನ ದೂರದ ಹಳ್ಳಿಗಳ ಮೇಲೂ ಈ ಹೊರೆಯನ್ನು ಹೊರಿಸಲು ಸರ್ಕಾರವು ಹೊರಟಿತು. ರೈತರು ತಾಳಲಿಲ್ಲ. ಮುಸಾಷಿ, ಕೊಜುಕೆ ಪ್ರಾಂತಗಳಲ್ಲಿ ಗುಂಪುಗುಂಪಾಗಿ ಎದ್ದು, ಮೊರೆಯಿಡಲು ಎಡೋವಿನತ್ತ ನಡೆದರು. ಸರ್ಕಾರವು ಬೆದರಿ ಆಜ್ಞೆಯನ್ನು ಹಿಂದಕ್ಕೆ ಪಡೆಯಿತು. ಜನರ ಸಿಟ್ಟು ಅಷ್ಟಕ್ಕೆ ಇಳಿಯದೆ, ಈ ಏರ್ಪಾಡಿನಿಂದ ಲಾಭ ಪಡೆಯಲಿದ್ದ ಸಿರಿವಂತರ ಮನೆಗಳು ಮುರಿದುವು. ಬಳಿಕ ವಿಚಾರಣೆ ನಡೆದು, ಒಬ್ಬ ಗ್ರಾಮಮುಖ್ಯನಿಗೆ ಮುಂದಾಳೆಂದು ಮರಣದಂಡನೆಯಾಯಿತು. ಅವನ ಕಡೆಯ ಹಳ್ಳಿಗರು ಮುಂದೆ ಅವನನ್ನು ದೇವರೆಂದು ಪೂಜಿಸಿದರು.

ಆದರೂ ಹೆದ್ದಾರಿಯ ಹೊರೆ ತೀರಲಿಲ್ಲ. 1861ರಲ್ಲಿ ರಾಜಕುಮಾರಿ ಕಜುನೊಮಿಯ ಷೋಗುನನನ್ನು ವರಿಸಲು ಎಡೋವಿಗೆ ಹೊರಟಾಗ ದಿಬ್ಬಣವು ಬಂದುದು ಇದೇ ದಾರಿಯಲ್ಲಿ. ಹಳ್ಳಿಗಳಿಂದ ಆಳುಕುದುರೆಗಳನ್ನು ಮತ್ತೆ ಎಳೆದುತಂದರು. ಷೋಗುನರ ಆಳ್ವಿಕೆ ಅಳಿದ ಮೇಲೆ, 1872ರಲ್ಲಿ, ಹೊಸ ಸರ್ಕಾರವು ಸುಕೆಗೋವನ್ನೂ ಮಜಲುಗಳ ಹಳೆಯ ಏರ್ಪಾಡನ್ನೂ ತೆಗೆದುಹಾಕಿತು.