ಮೌಂಟ್ ರೋಡಿನಲ್ಲಿ ಕಾರು ನೋಡಿದವರು

ಹೊಸ ಕಾರುಗಳ ಮೇಳ ಎಂದರೆ ಎಲ್ಲರ ನೆನಪಿಗೆ ಬರುವುದು ದೆಹಲಿ. 1986ರಲ್ಲಿ ಪ್ರಗತಿ ಮೈದಾನದಲ್ಲಿ ಮೊದಲ ಆಟೋ ಎಕ್ಸ್‌ಪೋ ನಡೆಯಿತು. 2014ರಲ್ಲಿ ಅದು ಗ್ರೇಟರ್ ನೋಯ್ಡಾಕ್ಕೆ ಸ್ಥಳಾಂತರವಾಗಿ, 2025ರಲ್ಲಿ ಮತ್ತೆ ದೆಹಲಿಯ ಭಾರತ್ ಮಂಡಪಕ್ಕೆ ಬಂತು. ದೇಶದ ಕಾರು ತಯಾರಿಕೆಯಲ್ಲಿ ದೊಡ್ಡ ಪಾಲು ಚೆನ್ನೈನ ಸುತ್ತಮುತ್ತ ನಡೆಯುತ್ತಿದ್ದರೂ ಅಷ್ಟು ಹೆಸರಾದ ಮೇಳ ಈ ಊರಿಗೆ ಒಲಿಯಲಿಲ್ಲ. ಹೀಗಾಗಿ ನಾಲ್ಕು ಕಾರುಗಳನ್ನು ಎದುರಿಗೆ ಇಟ್ಟುಕೊಂಡು ತೂಗಿ ನೋಡುವ ರೂಢಿ ದಕ್ಷಿಣಕ್ಕೆ ತಡವಾಗಿ ಬಂತು, ಅದೂ ಉದಾರೀಕರಣದ ನಂತರ ಬಂತು ಎಂಬ ಮಾತು ಆಗಾಗ ಕೇಳಿಬರುತ್ತದೆ. ಮದ್ರಾಸಿನ ಇತಿಹಾಸ ಇದನ್ನು ಒಪ್ಪುವುದಿಲ್ಲ. ಇಲ್ಲಿ ಆ ರೂಢಿಗೆ ನೂರು ವರ್ಷಕ್ಕೂ ಮೀರಿದ ವಯಸ್ಸಿದೆ. ಅದು ಹುಟ್ಟಿದ್ದು ಒಂದು ರಸ್ತೆಯಲ್ಲಿ, ವರ್ಷವಿಡೀ ತೆರೆದಿದ್ದ ಅಂಗಡಿಗಳ ಸಾಲಿನಲ್ಲಿ. ನಡುವೆ ಮೂರು ದಶಕ ಅದು ಕುಗ್ಗಿಹೋಯಿತು. ಜನರಿಗೆ ಆಸಕ್ತಿ ಇಲ್ಲದೆ ಕುಗ್ಗಿತೆಂದು ನನಗೆ ಅನ್ನಿಸುವುದಿಲ್ಲ. ಹೋಲಿಸಲು ಬೇಕಾದ ಎರಡನೆಯ ವಸ್ತುವನ್ನೇ ಸರ್ಕಾರದ ನೀತಿ ತೆಗೆದುಹಾಕಿತ್ತು.

ಇಂದಿನ ಅಣ್ಣಾ ಸಾಲೈ, ಹಿಂದಿನ ಮೌಂಟ್ ರೋಡ್, ಕಾರಿಗಿಂತ ಮೊದಲು ಸಾರೋಟಿನ ಬೀದಿ. ಸ್ಕಾಟ್ಲೆಂಡಿನಿಂದ ಬಂದ ಎ. ಎಂ. ಸಿಂಪ್ಸನ್ 1840ರಲ್ಲಿ ಮದ್ರಾಸಿನಲ್ಲಿ ಕಂಪನಿ ಕಟ್ಟಿದ. ಜೀನು, ಲಗಾಮಿನ ಕೆಲಸದ ಜತೆ ಸಾರೋಟು ತಯಾರಿಸುವುದರಲ್ಲಿ ಅದು ಹೆಸರು ಮಾಡಿತು. ಅಡಿಸನ್ ಕಂಪನಿ ಶುರುವಾದದ್ದು 1873ರಲ್ಲಿ. ಸಾರೋಟು ಕೊಳ್ಳುವವರು ಸಿದ್ಧವಾಗಿ ನಿಂತಿದ್ದನ್ನು ಹಣ ಕೊಟ್ಟು ಎಳೆದೊಯ್ಯುತ್ತಿರಲಿಲ್ಲ. ಮಾದರಿಗಳನ್ನು ನೋಡಬೇಕು, ಹತ್ತಿ ಕೂರಬೇಕು, ಕಮಾನುಪಟ್ಟಿ ಎಷ್ಟು ಬಾಗುತ್ತದೆಂದು ಒತ್ತಿ ತಿಳಿಯಬೇಕು, ಮೆಟ್ಟಿಲು ಎಷ್ಟು ಎತ್ತರದಲ್ಲಿರಬೇಕು, ಹೊದಿಕೆಯ ಚರ್ಮ ಯಾವುದಿರಬೇಕು ಎಂದು ಹೇಳಿ ಮಾಡಿಸಬೇಕು. ಕಾರು ಬಂದಾಗ ಈ ಅಭ್ಯಾಸ ಹಾಗೇ ಅದಕ್ಕೂ ದಾಟಿತು. ಆರಂಭದ ಕಾರುಗಳಲ್ಲಿ ಎಷ್ಟೋ ಬರಿಯ ಚಾಸಿಯಾಗಿ, ಎಂಜಿನ್ ಮತ್ತು ಚಕ್ರಗಳ ಅಸ್ಥಿಪಂಜರವಾಗಿ ಹಡಗಿನಿಂದ ಇಳಿಯುತ್ತಿದ್ದವು. ಮೇಲಿನ ಒಡಲನ್ನು ಕಟ್ಟುವವರು ಸಾರೋಟು ಕಟ್ಟುತ್ತಿದ್ದ ಅದೇ ಬಡಗಿಗಳು, ಕಮ್ಮಾರರು. ಕೊಳ್ಳುವವನಿಗೆ ವಾಹನದ ಒಳಗೆಲ್ಲ ಕಾಣುತ್ತಿತ್ತು. ಯಾವ ಭಾಗ ಎಲ್ಲಿ ಕೂರುತ್ತದೆ, ಯಾವುದು ಮೊದಲು ಸವೆಯುತ್ತದೆ ಎಂಬುದನ್ನು ಬಣ್ಣ ಬಳಿಯುವ ಮೊದಲೇ ನೋಡಬಹುದಿತ್ತು. ಇಂದಿನ ಮೇಳದ ಹೊಳಪಿನಲ್ಲಿ ಮೊದಲು ಮರೆಯಾಗುವುದೇ ಈ ಒಳನೋಟ.

ಮದ್ರಾಸಿನ ರಸ್ತೆಯಲ್ಲಿ ದಿನವೂ ಕಾರು ಓಡಿಸಿದ ಮೊದಲಿಗನೆಂದು ಹೆಸರಾದವನು ಪ್ಯಾರಿ ಕಂಪನಿಯ ನಿರ್ದೇಶಕ ಎ. ಜೆ. ಯಾರ್ಕ್, 1901ರಲ್ಲಿ ಅವನು ಅಡ್ಯಾರಿನ ಮನೆಯಿಂದ ಪ್ಯಾರೀಸ್ ಕಾರ್ನರಿಗೆ ಹೋಗಿಬರುತ್ತಿದ್ದ. ಎರಡೇ ವರ್ಷದಲ್ಲಿ, 1903ರಲ್ಲಿ, ಸಿಂಪ್ಸನ್ ಕಂಪನಿಯ ಸ್ಯಾಮ್ಯುಯೆಲ್ ಜಾನ್ ಗ್ರೀನ್ ಇಲ್ಲಿಯೇ ಉಗಿ ಕಾರೊಂದನ್ನು ಕಟ್ಟಿ ಓಡಿಸಿದ. ನೋಂದಣಿಯ ಸಂಖ್ಯೆಗಳು ಬಂದಾಗ ಎಂಸಿ-1 ಬಂದರಿನ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಅವರ ಕಾರಿಗೆ ಸಿಕ್ಕಿತು. ಎಂಸಿ-3 ಫ್ರಾನ್ಸಿನ ದ ದಿಯೋಂ ಕಾರಿಗೆ. ಅದರ ಒಡೆಯ ಮದ್ರಾಸಿನ ಹಲವು ಕೆಂಪು ಇಟ್ಟಿಗೆಯ ಸರ್ಕಾರಿ ಕಟ್ಟಡಗಳನ್ನು ಕಟ್ಟಿದ ಗುತ್ತಿಗೆದಾರ ನಂಬೆರುಮಾಳ್ ಚೆಟ್ಟಿ. ಇಂಗ್ಲಿಷರ ರಾಜ್ಯದಲ್ಲಿದ್ದೂ ಚೆಟ್ಟಿ ಫ್ರೆಂಚ್ ಕಾರನ್ನು ಆರಿಸಿಕೊಂಡರು ಎಂಬುದು ಸಣ್ಣ ಸಂಗತಿಯಲ್ಲ. ಊರಿನಲ್ಲಿ ಬೆರಳೆಣಿಕೆಯ ಕಾರುಗಳಿದ್ದಾಗಲೂ ಆರಿಸುವುದಕ್ಕೆ ಒಂದಕ್ಕಿಂತ ಹೆಚ್ಚು ದೇಶದ ಮಾಲು ಇತ್ತು.

ಇದೆಲ್ಲ ದೊರೆಗಳ, ಶ್ರೀಮಂತರ ಆಟ, ಇದರಿಂದ ಜನರ ರೂಢಿಯನ್ನು ಅಳೆಯುವುದು ಹೇಗೆ ಎಂದು ಕೇಳಬಹುದು. ಖಾಸಗಿ ಕಾರಿನ ಮಟ್ಟಿಗೆ ಈ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಮೌಂಟ್ ರೋಡಿನ ಅಂಗಡಿಗಳ ಬಾಗಿಲಿಗೆ ಬರುತ್ತಿದ್ದವರಲ್ಲಿ ಇನ್ನೊಂದು ವರ್ಗವಿತ್ತು: ಬಸ್ಸು, ಲಾರಿ ಕೊಳ್ಳುವ ಊರೂರಿನ ಉದ್ಯಮಿಗಳು. ಆಗ ಮಂಗಳೂರು, ಬಳ್ಳಾರಿ, ಕೊಳ್ಳೇಗಾಲ ಎಲ್ಲವೂ ಮದ್ರಾಸ್ ಪ್ರಾಂತ್ಯದವು. ಬಳ್ಳಾರಿ 1953ರಲ್ಲಿ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರಲ್ಲಿ ಮೈಸೂರು ರಾಜ್ಯ ಸೇರಿದವು. ಮದುರೆಯಲ್ಲಿ ಟಿ. ವಿ. ಸುಂದರಂ ಅಯ್ಯಂಗಾರ್ ಬಸ್ಸಿನ ಉದ್ಯಮಕ್ಕೆ ಇಳಿದ ಕಾಲಕ್ಕೇ, 1914ರಲ್ಲಿ, ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ, ಕರಾವಳಿಯ ಜನರ ಬಾಯಲ್ಲಿ ಸಿಪಿಸಿ, ಬಸ್ಸು ಓಡಿಸತೊಡಗಿತು. ಇಂಥವರಿಗೆ ವಾಹನ ಅಂತಸ್ತಿನ ಗುರುತಲ್ಲ, ಹೊಟ್ಟೆಪಾಡು. ಘಟ್ಟದ ಏರಿನಲ್ಲಿ ಎಂಜಿನ್ ಕುದಿಯದೆ ಹೋದೀತೇ, ಮಳೆಗಾಲದ ಕೆಸರಿಗೆ ಅಚ್ಚು ತಡೆದೀತೇ, ಒಂದು ಭಾಗ ಮುರಿದರೆ ಬದಲಿ ಎಲ್ಲಿ ಸಿಕ್ಕೀತು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗದೆ ಅವರು ದುಡ್ಡು ಬಿಚ್ಚುವಂತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ದಕ್ಷಿಣ ಭಾರತದಲ್ಲಿ ವಾಹನಗಳನ್ನು ಗಂಭೀರವಾಗಿ ಹೋಲಿಸಿದ ಮೊದಲಿಗರು ಇವರೇ. ಇಂದಿನ ಮಧ್ಯಮ ವರ್ಗದ ಕುಟುಂಬ ಷೋರೂಮಿನಲ್ಲಿ ಕೇಳುವ ಪ್ರಶ್ನೆಗಳು ಸಾರೋಟಿನ ಶ್ರೀಮಂತನಿಗಿಂತ ಈ ಬಸ್ ಮಾಲೀಕರ ಪ್ರಶ್ನೆಗಳಿಗೇ ಹತ್ತಿರ.

ಸ್ವಾತಂತ್ರ್ಯದ ಹೊತ್ತಿಗೆ ಮದ್ರಾಸಿನಲ್ಲಿ ಕಾರು ತಯಾರಿಕೆಯೇ ಶುರುವಾಗಿತ್ತು. 1948ರಲ್ಲಿ ಅಶೋಕ್ ಮೋಟಾರ್ಸ್ ಸ್ಥಾಪನೆಯಾಗಿ ಎಣ್ಣೂರಿನಲ್ಲಿ ಆಸ್ಟಿನ್ ಎ40 ಜೋಡಿಸತೊಡಗಿತು. ಅದೇ ವರ್ಷ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕೂಡ ಹುಟ್ಟಿತು, ವಂಡಲೂರಿನ ಬಳಿ ಅದರ ಕಾರ್ಖಾನೆ. ಆಮೇಲೆ ದಾರಿ ಕಿರಿದಾಯಿತು. ದೇಶದಲ್ಲೇ ಬಿಡಿಭಾಗ ತಯಾರಿಸುವ ಯೋಜನೆ ಇದ್ದವರಿಗೆ ಮಾತ್ರ ಅವಕಾಶ ಕೊಡಬೇಕೆಂದು 1953ರಲ್ಲಿ ಸುಂಕ ಆಯೋಗ ಶಿಫಾರಸು ಮಾಡಿತು. ಮರುವರ್ಷವೇ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿ ಹೊರಟವು. 1955ರಲ್ಲಿ ಅಶೋಕ್ ಮೋಟಾರ್ಸ್ ಅಶೋಕ್ ಲೇಲ್ಯಾಂಡ್ ಆಗಿ ಲಾರಿ, ಬಸ್ಸುಗಳ ಕಡೆ ಹೊರಳಿತು. ಉಳಿದದ್ದು ಕಲ್ಕತ್ತದ ಅಂಬಾಸಿಡರ್, ಬೊಂಬಾಯಿಯ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್. 1959ರಲ್ಲಿ ಕಾರುಗಳ ಹಂಚಿಕೆ ಮತ್ತು ಮಾರಾಟವನ್ನೇ ಸರ್ಕಾರ ನಿಯಂತ್ರಣ ಆದೇಶದಡಿ ತಂದಿತು. ಕಾರಿಗೆ ಯಾವ ಬೆಲೆ ನ್ಯಾಯ ಎಂಬ ವಿವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ ಎಪ್ಪತ್ತರ ದಶಕದ ಆರಂಭದಲ್ಲಿ ತೀರ್ಮಾನವಾಯಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವನಿಗೆ ಷೋರೂಮಿನಲ್ಲಿ ನೋಡುವುದೇನಿತ್ತು? ಸರದಿ ಬಂದಾಗ ಸಿಕ್ಕ ಬಣ್ಣದ ಕಾರನ್ನು ಮನೆಗೆ ತರುವುದು, ಅಷ್ಟೇ.

ಮದ್ರಾಸಿನದೇ ಕಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನು ಹತ್ತಿರದಿಂದ ನೋಡಿದರೆ ಈ ನಷ್ಟ ಅರ್ಥವಾಗುತ್ತದೆ. 1961ರಲ್ಲಿ ಬಂದ ಈ ಕಾರಿನ ಬಾನೆಟ್ ಎತ್ತಿದರೆ ಮುಂದಿನ ಮಡ್‌ಗಾರ್ಡು, ದೀಪಗಳ ಸಮೇತ ಇಡೀ ಮುಖವೇ ಮುಂದಕ್ಕೆ ಮಗುಚಿಕೊಳ್ಳುತ್ತಿತ್ತು. ಮೆಕ್ಯಾನಿಕ್ ಟೈರಿನ ಮೇಲೆ ಕೂತು ಎಂಜಿನ್ ಬಿಚ್ಚಬಹುದು. ತಿರುಗಲು 25 ಅಡಿಯ ವೃತ್ತ ಸಾಕು. ಟ್ರಿಪ್ಲಿಕೇನಿನ ಗಲ್ಲಿಗಳಲ್ಲಿ ಇದರ ಬೆಲೆ ಗೊತ್ತಾಗುತ್ತಿತ್ತು. ಅಂಬಾಸಿಡರ್, ಫಿಯಟ್‌ಗಳ ಗೇರು ಸ್ಟೀರಿಂಗಿನ ಕಂಬಕ್ಕೆ ಅಂಟಿಕೊಂಡಿದ್ದರೆ ಇದರದು ನೆಲದಿಂದ ಎದ್ದಿತ್ತು. ಕೊರತೆಗಳೂ ಕಣ್ಣಿಗೆ ರಾಚುವಂಥವೇ. ಬಾಗಿಲು ಎರಡೇ, ಹಿಂದೆ ಕೂರಬೇಕಾದ ಅಜ್ಜಿ ಮುಂದಿನ ಸೀಟು ಮಡಚಿಸಿಕೊಂಡು ನುಸುಳಬೇಕು. ಹಿಂದಿನ ಚಕ್ರಗಳ ಜೋಡಣೆ ವೇಗದ ತಿರುವಿನಲ್ಲಿ ನಂಬುವಂಥದಲ್ಲ. ನಾಲ್ಕು ಬಾಗಿಲಿನ ಹೆರಾಲ್ಡ್ ಬರುವುದಕ್ಕೆ ಹಲವು ವರ್ಷ ಹಿಡಿಯಿತು, ಇದೇ ಕಂಪನಿಯ ಗಟ್ಟಿ ಅಚ್ಚಿನ ಗೆಜೆಲ್ ಕಾರು ಬಂದದ್ದು ಎಪ್ಪತ್ತರ ದಶಕದಲ್ಲಿ. ಮೂರೂ ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ, ಇದು ಬೇಡ ಅದು ಕೊಡಿ ಎನ್ನುವ ಅಧಿಕಾರ ಗಿರಾಕಿಗೆ ಇದ್ದಿದ್ದರೆ ಆ ಬಾಗಿಲುಗಳು ಬೇಗ ಬರುತ್ತಿದ್ದವು ಎಂದೇ ನಾನು ನಂಬುತ್ತೇನೆ. 1985ರಲ್ಲಿ ಇದೇ ಕಂಪನಿ ತಂದ ಸ್ಟ್ಯಾಂಡರ್ಡ್ 2000 ಇನ್ನೂ ಸ್ಪಷ್ಟ ಸಾಕ್ಷಿ: ಒಡಲು ಇಂಗ್ಲೆಂಡಿನ ರೋವರ್‌ನದು, ಒಳಗಿನ ಎಂಜಿನ್ ಸ್ಟ್ಯಾಂಡರ್ಡಿನ ಹಳೆಯ ವ್ಯಾನ್‌ಗಾರ್ಡ್ ಕಾರಿನ ವಂಶದ್ದು. ಅಷ್ಟು ಹೊತ್ತಿಗೆ, 1983ರ ಡಿಸೆಂಬರಿನಲ್ಲೇ, ಮಾರುತಿ 800 ರಸ್ತೆಗಿಳಿದಿತ್ತು. ಹೋಲಿಸುವುದಕ್ಕೆ ಇನ್ನೊಂದು ವಸ್ತು ಸಿಕ್ಕೊಡನೆ ಸ್ಟ್ಯಾಂಡರ್ಡ್ ಉಳಿಯಲಿಲ್ಲ. 1988ರ ಹೊತ್ತಿಗೆ ಅದರ ಕಾರು ತಯಾರಿಕೆ ನಿಂತಿತು.

ಆಯ್ಕೆ ಇಲ್ಲದ ಆ ಕಾಲದಲ್ಲೂ ಮೂರು ಕಾರುಗಳನ್ನು ಒಟ್ಟಿಗೆ, ಜನರೆದುರು, ಒರೆಗೆ ಹಚ್ಚಿದ ಒಂದು ಜಾಗವಿತ್ತು. ಎರಡನೆಯ ಮಹಾಯುದ್ಧಕ್ಕಾಗಿ ಮದ್ರಾಸಿನ ಉತ್ತರಕ್ಕೆ ಷೋಳಾವರಂನಲ್ಲಿ ಮಾಡಿದ್ದ ವಿಮಾನಪಟ್ಟಿಯ ಮೇಲೆ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ರೇಸು ನಡೆಸುತ್ತಿತ್ತು. ಕ್ಲಬ್ಬಿನ ಸ್ಥಾಪನೆ 1953ರಲ್ಲಿ, ಅಂದರೆ ಆಯ್ಕೆ ಕಿರಿದಾಗತೊಡಗಿದ ವರ್ಷದಲ್ಲೇ. ಬೆಂಗಳೂರು, ಕೊಯಮತ್ತೂರು, ಕಲ್ಕತ್ತದಿಂದ ಬಂದವರು ಹೆರಾಲ್ಡ್, ಫಿಯಟ್, ಅಂಬಾಸಿಡರ್‌ಗಳ ಎಂಜಿನ್ ಬಿಚ್ಚಿ ಕೆರೆದು ತಿದ್ದಿ ಓಡಿಸುತ್ತಿದ್ದರು. ಕೊಯಮತ್ತೂರಿನ ಕರಿವರ್ಧನ್ ತಾವೇ ರೇಸ್ ಕಾರು ಕಟ್ಟುವ ಮಟ್ಟಿಗೆ ಬೆಳೆದರು. ಅಂಗಡಿಯಲ್ಲಿ ಸಿಗದ ತೀರ್ಪು ನೋಡುಗರಿಗೆ ಈ ಪಟ್ಟಿಯ ಮೇಲೆ ಸಿಗುತ್ತಿತ್ತು. 1990ರಲ್ಲಿ ಇರುಂಗಾಟ್ಟುಕೋಟ್ಟೈನಲ್ಲಿ ಕ್ಲಬ್ಬಿನ ಸ್ವಂತ ಟ್ರ್ಯಾಕ್ ಆದ ಮೇಲೆ ಷೋಳಾವರಂ ಹಿಂದೆ ಸರಿಯಿತು.

ಕಾರಿನ ಆಯ್ಕೆಯನ್ನು ಕಿರಿದಾಗಿಸಿದ ಸರ್ಕಾರದ ಆ ನೀತಿ ಬೇಕಾಗಿಯೇ ಇತ್ತು, ವಿದೇಶಿ ವಿನಿಮಯವಿಲ್ಲದ ಬಡ ದೇಶ ಕಾರಿನ ಚೆಂದಕ್ಕೆ ಡಾಲರ್ ಸುರಿಯಬೇಕಿತ್ತೇ ಎಂದು ವಾದಿಸುವವರಿದ್ದಾರೆ. ಈ ವಾದದಲ್ಲಿ ಬಲವಿದೆ, ಮತ್ತು ಅದಕ್ಕೆ ಮದ್ರಾಸೇ ಆಧಾರ. ಅರವತ್ತರ ದಶಕದಲ್ಲಿ ಪಾಡಿಯಲ್ಲಿ ವೀಲ್ಸ್ ಇಂಡಿಯಾ, ಲ್ಯೂಕಾಸ್ ಟಿವಿಎಸ್, ಬ್ರೇಕ್ಸ್ ಇಂಡಿಯಾ, ಸುಂದರಂ ಫಾಸ್ಟನರ್ಸ್ ಬೆಳೆದದ್ದು ದೇಶದಲ್ಲೇ ಮಾಡಬೇಕೆಂಬ ಕಟ್ಟುಪಾಡಿನ ನೆರಳಲ್ಲಿ. ಬೋಲ್ಟಿನಿಂದ ಬ್ರೇಕಿನವರೆಗೆ ಎಲ್ಲವೂ ಕೈಗೆಟುಕುವಲ್ಲಿ ಸಿಗುತ್ತದೆಂಬುದು ಮುಂದೆ ಹ್ಯುಂಡೈ, ಫೋರ್ಡ್ ಇಲ್ಲಿಗೆ ಬರಲು ಒಂದು ಮುಖ್ಯ ಕಾರಣ. ಆದರೆ ಆಮದನ್ನು ತಡೆಯುವುದು ಬೇರೆ, ಒಳಗಿನ ಪೈಪೋಟಿಯನ್ನೂ ಲೈಸೆನ್ಸಿನಿಂದ ಕಟ್ಟಿಹಾಕುವುದು ಬೇರೆ. ಪಾಡಿಯ ಕಾರ್ಖಾನೆಗಳಿಗೆ ಮೂರರ ಬದಲು ಆರು ಕಾರು ಕಂಪನಿಗಳು ಗಿರಾಕಿಗಳಾಗಿದ್ದರೆ ಅವು ಇನ್ನೂ ಚುರುಕಾಗುತ್ತಿದ್ದವು.

ಉದಾರೀಕರಣದ ನಂತರ, 1996ರಲ್ಲಿ, ಹ್ಯುಂಡೈ ಇರುಂಗಾಟ್ಟುಕೋಟ್ಟೈಗೆ, ಬೆಂಗಳೂರು ಹೆದ್ದಾರಿಯ ಪಕ್ಕಕ್ಕೆ ಬಂತು. 1998ರ ಸೆಪ್ಟೆಂಬರಿನಲ್ಲಿ ಸ್ಯಾಂಟ್ರೊ ಹೊರಬಿತ್ತು. ಕೆಲವೇ ತಿಂಗಳ ಅಂತರದಲ್ಲಿ ದೇವೂ ಮ್ಯಾಟಿಜ್, ಟಾಟಾ ಇಂಡಿಕಾ. ಬೆಂಗಳೂರನ್ನು ದಾಟಿ ನಮ್ಮ ಬಿಡದಿಯಲ್ಲಿ, ಸ್ವಲ್ಪ ಕಾಲದ ಮೇಲೆ, ಟೊಯೊಟಾ ಕ್ವಾಲಿಸ್ ತಯಾರಾಗತೊಡಗಿತು. ಗಿಡ್ಡ ಕಾರುಗಳಿಗೆ ಒಗ್ಗಿದ್ದ ಕಣ್ಣಿಗೆ ಸ್ಯಾಂಟ್ರೊದ ಎತ್ತರದ ಛಾವಣಿ ವಿಚಿತ್ರವಾಗಿ ಕಂಡಿತು. ಚಿತ್ರದಲ್ಲಿ ನೋಡಿದವರಿಗೆ ಅದು ಅಂದಗೇಡಿ. ಬಾಗಿಲು ತೆಗೆದು ಕೂತವರಿಗೆ ಗೊತ್ತಾದದ್ದೇ ಬೇರೆ: ಸೊಂಟ ಬಗ್ಗಿಸದೆ ಒಳಗೆ ಹೋಗಬಹುದು, ತಲೆ ತಾಗುವುದಿಲ್ಲ, ಸೀರೆಯ ನೆರಿಗೆ ಕೆಡುವುದಿಲ್ಲ. ಆ ಕಾರನ್ನು ಗೆಲ್ಲಿಸಿದ್ದರಲ್ಲಿ ಜಾಹೀರಾತಿನಷ್ಟೇ ಪಾಲು ಷೋರೂಮಿನ ಆ ಕೆಲವು ನಿಮಿಷಗಳದ್ದು.

ಈಗ ಎಲ್ಲವೂ ಫೋನಿನಲ್ಲಿದೆ, ನೂರು ವಿಡಿಯೋ ನೋಡಿ ಅಂಕಿಅಂಶ ಹೋಲಿಸಬಹುದು, ಎದುರು ನಿಂತು ನೋಡುವ ಶ್ರಮ ಯಾಕೆ ಎಂಬುದು ಇಂದಿನ ದೊಡ್ಡ ಪ್ರಶ್ನೆ. ಅಂಕಿಗಳು ಬೇಕು, ಅಳತೆಗಳು ಗಿರಾಕಿಯ ಕೈ ಬಲಪಡಿಸಿವೆ. ಆದರೆ ಡಿಕ್ಕಿ ಎಷ್ಟು ಲೀಟರಿನದು ಎಂದು ಪಟ್ಟಿ ಹೇಳುತ್ತದೆ. ಅದರ ಅಂಚು ಎಷ್ಟು ಎತ್ತರದಲ್ಲಿದೆ, ಅಕ್ಕಿಮೂಟೆ ಎತ್ತಿಡುವವನ ಬೆನ್ನು ಏನಾದೀತು ಎಂದು ಹೇಳುವುದಿಲ್ಲ. ಮೇ ತಿಂಗಳ ಚೆನ್ನೈನಲ್ಲಿ ಎ.ಸಿ. ಗಾಳಿ ಹಿಂದಿನ ಸೀಟಿನ ಮಧ್ಯದವನನ್ನು ಮುಟ್ಟುತ್ತದೆಯೇ ಎಂಬುದಕ್ಕೂ ಅಲ್ಲಿ ಉತ್ತರವಿಲ್ಲ. ನನ್ನ ತಕರಾರು ಇರುವುದು ಷೋರೂಮಿನ ಈಗಿನ ವ್ಯವಸ್ಥೆಯ ಮೇಲೆ. ಒಂದು ಷೋರೂಮಿಗೆ ಒಂದೇ ಬ್ರ್ಯಾಂಡು. ಒಂದನ್ನು ಅಣ್ಣಾ ಸಾಲೈನಲ್ಲಿ, ಇನ್ನೊಂದನ್ನು ಹಳೆ ಮಹಾಬಲಿಪುರಂ ರಸ್ತೆಯಲ್ಲಿ ನೋಡಿ ಬರುವಷ್ಟರಲ್ಲಿ ಮೊದಲನೆಯದರ ಸೀಟು ಹೇಗಿತ್ತೆಂಬುದು ಮಸುಕಾಗಿರುತ್ತದೆ. ಎದುರೆದುರು ನಿಲ್ಲಿಸುವ ಕೆಲಸಕ್ಕೆ ಮೇಳವೇ ಬೇಕು, ಅದಕ್ಕೆ ನಂದಂಬಾಕ್ಕಂನಲ್ಲಿ ಟ್ರೇಡ್ ಸೆಂಟರ್ ಇದೆ. ಕಾರು ಕಟ್ಟುವ ಊರಿನವರು ಹೊಸ ಕಾರು ನೋಡಲು ದೆಹಲಿಯ ರೈಲು ಹತ್ತಬೇಕಾಗಿರುವುದು ಸರಿಯಲ್ಲ.

ಮೇಳದಿಂದ ತಿಳಿಯದ ಸಂಗತಿಯೂ ಒಂದಿದೆ: ಈ ಕಂಪನಿ ಹತ್ತು ವರ್ಷದ ಮೇಲೆ ಇಲ್ಲಿ ಇರುತ್ತದೆಯೇ ಎಂಬುದು. ಮರೈಮಲೈ ನಗರದಲ್ಲಿ ಕಾಲು ಶತಮಾನ ಇದ್ದ ಫೋರ್ಡ್ 2021ರಲ್ಲಿ ಭಾರತದ ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಹಾಗಾದಾಗ ಮಾಲೀಕ ಹೋಗುವುದು ಜನರಲ್ ಪ್ಯಾಟರ್ಸ್ ರಸ್ತೆಯ ಸ್ಪೇರ್ ಪಾರ್ಟ್ ಅಂಗಡಿಗಳಿಗೆ, ಅಲ್ಲಿ ಸಿಗದಿದ್ದರೆ ಹಳೆ ವಾಹನ ಬಿಚ್ಚುವ ಪುದುಪೇಟೆಗೆ. ಎರಡೂ ಅಣ್ಣಾ ಸಾಲೈನ ಕೈಯಳತೆಯಲ್ಲೇ ಇವೆ. ಯಾವ ಕಾರಿನ ಬಾಗಿಲು ತುಕ್ಕು ಹಿಡಿಯುತ್ತದೆ, ಯಾವುದರ ಗೇರ್ ಬಾಕ್ಸು ಲಕ್ಷ ಕಿಲೋಮೀಟರ್ ದಾಟುತ್ತದೆ ಎಂದು ಪುದುಪೇಟೆಯ ಕೆಲಸಗಾರ ಬಿಚ್ಚಿ ಬಿಚ್ಚಿ ಕಲಿತಿದ್ದಾನೆ. ಕಾರು ಕೊಳ್ಳುವ ಮುಂಚೆ ಕಂಪನಿಯ ಮಾರಾಟಗಾರನನ್ನು ಕೇಳಿದ ಪ್ರಶ್ನೆಗಳನ್ನೇ ಅವನನ್ನೂ ಕೇಳಬೇಕು. ಸಿಪಿಸಿಯ ಕಾಲದ ಬಸ್ ಮಾಲೀಕರು ದುಡ್ಡು ಬಿಚ್ಚುವ ಮೊದಲು ಹೋಗುತ್ತಿದ್ದದ್ದು ಇಂಥವರ ಹತ್ತಿರಕ್ಕೇ ಇರಬೇಕು.