ಮರಳಿನ ಮೇಲೆ ಒಂದು ರಾಜಧಾನಿ

ಮರುಭೂಮಿಯ ಅಂಚಿನಲ್ಲಿ, ಕಡಲ ತೀರದಲ್ಲಿ ದಿಢೀರನೆ ತಲೆಯೆತ್ತಿದ ನಗರ ಎಂದಾಕ್ಷಣ ನಮ್ಮ ಕರಾವಳಿಯ ಮನೆಗಳಲ್ಲಿ ನೆನಪಾಗುವುದು ಕುವೈತ್, ದೋಹಾ, ಅಬುಧಾಬಿ. ಅಲ್ಲಿ ದುಡಿದ ಒಬ್ಬರಾದರೂ ಇಲ್ಲದ ಕುಟುಂಬ ನಮ್ಮ ಧರ್ಮಕೇಂದ್ರಗಳಲ್ಲಿ ವಿರಳ. ಆ ನಗರಗಳನ್ನು ಬೆಳೆಸಿದ್ದು ನೆಲದಡಿಯ ಎಣ್ಣೆ. ಆದರೆ ಅದೇ ದಶಕಗಳಲ್ಲಿ ಅಷ್ಟೇ ವೇಗವಾಗಿ ಬೆಳೆದ ಇನ್ನೊಂದು ಕಡಲತಡಿಯ ರಾಜಧಾನಿ ಇದೆ. ಅದರ ಹೆಸರನ್ನು ನಮ್ಮಲ್ಲಿ ಹಲವರು ಕೇಳಿರಲಾರರು. ಪಶ್ಚಿಮ ಆಫ್ರಿಕಾದ ಮಾರಿಟೇನಿಯಾ ದೇಶದ ನುವಾಕ್‌ಶೋಟ್ ನಗರವದು. ಅದನ್ನು ಬೆಳೆಸಿದ್ದು ಬರಗಾಲ. ಅದರ ಚರಿತ್ರೆಯನ್ನು ನಿಮ್ಮೊಡನೆ ಹಂಚಿಕೊಳ್ಳುವ ಆಸೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ.

ರಾಜಧಾನಿಯಿಲ್ಲದ ನಾಡು

ಮಾರಿಟೇನಿಯಾದ ವಿಸ್ತೀರ್ಣ ಹತ್ತು ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ನಮ್ಮ ಕರ್ನಾಟಕದಂಥ ಐದು ರಾಜ್ಯಗಳು ಅದರಲ್ಲಿ ಅಡಗಿಯಾವು. ಅದರ ಬಹುಭಾಗ ಸಹಾರಾ ಮರುಭೂಮಿ. ಉತ್ತರದಲ್ಲಿ ಒಂಟೆ, ಆಡು, ಕುರಿಗಳೊಡನೆ ಅಲೆಯುವ ಮೂರ್ ಜನಾಂಗದವರು; ದಕ್ಷಿಣದಲ್ಲಿ ಸೆನೆಗಲ್ ನದಿಯ ದಂಡೆಯಲ್ಲಿ ಬೇಸಾಯ ಮಾಡುವ ಫುಲಾನಿ, ಸೋನಿಂಕೆ, ವೊಲೊಫ್ ಎಂಬ ಕಪ್ಪು ಜನಾಂಗದವರು. ಫ್ರೆಂಚರು ಈ ನಾಡನ್ನು ಆಳಿದರೂ ಅದರೊಳಗೆ ಒಂದು ರಾಜಧಾನಿಯನ್ನು ಕಟ್ಟುವ ಗೋಜಿಗೆ ಹೋಗಲಿಲ್ಲ. ನೆರೆಯ ಸೆನೆಗಲ್‌ನ ಸೇಂಟ್ ಲೂಯಿ ಪಟ್ಟಣದಿಂದಲೇ ಆಡಳಿತ ನಡೆಯುತ್ತಿತ್ತು. ಮನೆಯ ಯಜಮಾನ ಪಕ್ಕದ ಮನೆಯಲ್ಲಿ ಕುಳಿತು ಸಂಸಾರ ನಡೆಸಿದಂತೆ!

ಸ್ವಾತಂತ್ರ್ಯ ಸಮೀಪಿಸಿದಾಗ ಈ ಸ್ಥಿತಿ ಮುಂದುವರಿಯುವಂತಿರಲಿಲ್ಲ. ಪ್ಯಾರಿಸ್‌ನಲ್ಲಿ ನ್ಯಾಯಶಾಸ್ತ್ರ ಓದಿದ್ದ ಯುವ ನಾಯಕ ಮೊಖ್ತಾರ್ ಔಲ್ದ್ ದದ್ದಾ ಅವರ ನೇತೃತ್ವದಲ್ಲಿ 1957ರಲ್ಲಿ ಹೊಸ ರಾಜಧಾನಿಯ ನಿರ್ಧಾರವಾಯಿತು. ತೀರಾ ಉತ್ತರಕ್ಕೆ ಹೋದರೆ ಕಪ್ಪು ಜನಾಂಗದವರಿಗೆ ದೂರ. ಮೇಲಾಗಿ ಮೊರಾಕೊ ಇಡೀ ದೇಶವೇ ತನ್ನದೆಂದು ಹಕ್ಕು ಸಾಧಿಸುತ್ತಿದ್ದ ಕಾಲವದು. ನದಿಯ ದಂಡೆಗೆ ಹೋದರೆ ಮೂರ್ ಜನರಿಗೆ ಪರಕೀಯ. ಆದುದರಿಂದ ಎರಡರ ನಡುವೆ, ಅಟ್ಲಾಂಟಿಕ್ ಸಾಗರದಿಂದ ಕೆಲವೇ ಕಿಲೋಮೀಟರ್ ಒಳಗಿದ್ದ ನುವಾಕ್‌ಶೋಟ್ ಎಂಬ ಸಣ್ಣ ಹಳ್ಳಿಯನ್ನು ಆರಿಸಿಕೊಂಡರು. 'ಗಾಳಿಯ ತಾಣ' ಎಂದು ಆ ಹೆಸರಿಗೆ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಅಲ್ಲಿದ್ದದ್ದು ಒಂದು ಹಳೆಯ ಫ್ರೆಂಚ್ ಕೋಟೆ, 'ಕ್ಸಾರ್' ಎಂಬ ಮಣ್ಣುಗೋಡೆಯ ವಸತಿ ಮತ್ತು ಕೆಲವು ನೂರು ಜನ. 1950ರಲ್ಲಿ ಸೆನೆಗಲ್ ನದಿಯ ನೆರೆನೀರು ತಗ್ಗು ಪ್ರದೇಶದ ಮೂಲಕ ಉತ್ತರಕ್ಕೆ ನುಗ್ಗಿ ಆ ಹಳೆಯ ವಸತಿಯನ್ನೂ ಕೆಡವಿ ಹಾಕಿತ್ತು. ಮರುಭೂಮಿಯ ಊರೊಂದು ನೆರೆಯಲ್ಲಿ ನಾಶವಾದ ಈ ಸಂಗತಿಯನ್ನು, ಓದುಗರೇ, ನೆನಪಿನಲ್ಲಿಡಿ.

1957ರಲ್ಲಿ ಅಲ್ಲಿ ಸೇರಿದ ಮೊದಲ ಸರಕಾರಿ ಸಭೆ ನಡೆದದ್ದು ಗುಡಾರದಡಿಯಲ್ಲಿ. 1958ರ ಮಾರ್ಚ್ 5ರಂದು ನಗರಕ್ಕೆ ಅಡಿಗಲ್ಲು ಬಿತ್ತು. 1960ರ ನವೆಂಬರ್ 28ರಂದು ದೇಶ ಸ್ವತಂತ್ರವಾದಾಗ ರಾಜಧಾನಿಯೆಂದರೆ ಮರಳಿನ ನಡುವೆ ಒಂದಿಷ್ಟು ಕಟ್ಟಡಗಳು, ಅಗಲವಾದ ಬೀದಿಗಳು, ಎಡೆಬಿಡದ ಗಾಳಿ. ನಕ್ಷೆ ಬರೆದವರ ಲೆಕ್ಕಾಚಾರ ಸುಮಾರು 15,000 ಜನರದ್ದು. ನೌಕರರು, ಸೈನಿಕರು, ವ್ಯಾಪಾರಿಗಳು - ಇಷ್ಟೇ ಮಂದಿ ಸಾಕೆಂದು ಅವರು ಎಣಿಸಿದ್ದರು.

ಬರ ಬರೆದ ನಕ್ಷೆ

ಮನುಷ್ಯರ ಲೆಕ್ಕವನ್ನು ಮಳೆ ಕೆಡಿಸಿತು. 1968ರಿಂದ ಸಹಾರಾದ ದಕ್ಷಿಣ ಅಂಚಿನಲ್ಲಿ ಮಳೆ ಕೈಕೊಟ್ಟಿತು. 1972-73ರ ಹೊತ್ತಿಗೆ ಬರ ತನ್ನ ಘೋರ ರೂಪವನ್ನು ತೋರಿಸಿತು. 1980ರ ದಶಕದ ಆರಂಭದಲ್ಲಿ ಮತ್ತೆ ಮರಳಿತು. ಹುಲ್ಲು ಸುಟ್ಟುಹೋಯಿತು, ಬಾವಿಗಳು ಬತ್ತಿದವು, ಜಾನುವಾರುಗಳು ಸಾಲುಸಾಲಾಗಿ ಸತ್ತವು. ಅಲೆಮಾರಿಗೆ ಒಂಟೆ, ಕುರಿಗಳೇ ಆಸ್ತಿ, ಊಟ, ಮರ್ಯಾದೆ ಎಲ್ಲ. ಹಿಂಡು ಸತ್ತ ಮೇಲೆ ಅಲೆಯುವುದಾದರೂ ಏಕೆ? ಗುಡಾರವನ್ನು ಮಡಚಿಕೊಂಡು ಅವರು ರಾಜಧಾನಿಯತ್ತ ನಡೆದರು. ಪರದೇಶಗಳ ಅನ್ನದಾನ ಅಲ್ಲಿಗೇ ಬರುತ್ತಿತ್ತು, ವೈದ್ಯರು ಅಲ್ಲಿದ್ದರು, ಕೂಲಿ ಅಲ್ಲಿ ಸಿಗಬಹುದಿತ್ತು. ದೂರದ ಪೂರ್ವ ಗಡಿಯ ನೇಮಾ ಪಟ್ಟಣದವರೆಗೆ ಸುಮಾರು 1,100 ಕಿ.ಮೀ. ಉದ್ದದ ಹೆದ್ದಾರಿಯನ್ನು 1970ರ ದಶಕದಲ್ಲಿ ಸರಕಾರ ಆರಂಭಿಸಿ ಅದಕ್ಕೆ 'ಭರವಸೆಯ ಹಾದಿ' ಎಂದು ಹೆಸರಿಟ್ಟಿತು. ಒಳನಾಡಿಗೆ ಅಭಿವೃದ್ಧಿಯನ್ನು ಒಯ್ಯಬೇಕಾಗಿದ್ದ ಆ ಹಾದಿಯಲ್ಲಿ ಒಳನಾಡಿನ ಜನರೇ ನಗರಕ್ಕೆ ಹೊರಟುಬಂದರು.

ಅಂಕಿ-ಸಂಖ್ಯೆಗಳನ್ನು ಗಮನಿಸಿ. 15,000 ಜನರಿಗಾಗಿ ಕಟ್ಟಿದ ನಗರದಲ್ಲಿ 1977ರ ಜನಗಣತಿಯ ವೇಳೆಗೆ 1 ಲಕ್ಷ 34 ಸಾವಿರ ಜನರಿದ್ದರು. 1988ರಲ್ಲಿ 3 ಲಕ್ಷ 93 ಸಾವಿರ, 2000ದಲ್ಲಿ 5 ಲಕ್ಷ 58 ಸಾವಿರ, 2013ರಲ್ಲಿ 9 ಲಕ್ಷ 58 ಸಾವಿರ. 2023ರ ಜನಗಣತಿಯಲ್ಲಿ ಅದು 14 ಲಕ್ಷವನ್ನು ದಾಟಿತು. ದೇಶದ ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಈ ಒಂದೇ ನಗರದಲ್ಲಿದ್ದಾರೆ. ಸ್ವಾತಂತ್ರ್ಯದ ಕಾಲಕ್ಕೆ ದೇಶದ ಬಹುಪಾಲು ಜನ ಅಲೆಮಾರಿಗಳಾಗಿದ್ದರು. 1988ರ ಹೊತ್ತಿಗೆ ಎಂಟರಲ್ಲಿ ಒಂದು ಪಾಲು ಮಾತ್ರ ಉಳಿದಿತ್ತು. ಶತಮಾನಗಳ ಜೀವನಕ್ರಮವೊಂದು ಒಂದೇ ತಲೆಮಾರಿನಲ್ಲಿ ಕೊನೆಗಂಡಿತು.

ಬಂದವರಿಗೆ ನಕ್ಷೆಯಲ್ಲಿ ಜಾಗವಿರಲಿಲ್ಲ. ಹಳೆಯ ತಗಡು, ಹಲಗೆ, ಗೋಣಿತಟ್ಟುಗಳಿಂದ ಅವರು ಕಟ್ಟಿಕೊಂಡ ಕೇರಿಗಳಿಗೆ 'ಕೆಬ್ಬೆ' ಎಂಬ ಹೆಸರು ಬಂತು. ಕಸದ ಗುಡ್ಡೆ ಎಂಬುದು ಅದರ ಅರ್ಥ. ಅನುಮತಿಯಿಲ್ಲದೆ ಹಿಡಿದ ಜಾಗಕ್ಕೆ 'ಗಜ್ರಾ' ಎಂದರು. ಆದರೆ ಈ ಕೇರಿಗಳಲ್ಲಿ ನೆಲೆಸಿದ ಕೆಲವರ ಕಥೆ ಬೇರೆಯಾಗಿತ್ತು. ತಲೆತಲಾಂತರದಿಂದ ಮೂರ್ ಒಡೆಯರ ಜೀತದಲ್ಲಿದ್ದ ಹರಾತಿನ್ ಸಮುದಾಯದವರಿಗೆ ನಗರವು ಒಡೆಯನ ಗುಡಾರದಿಂದ ಹೊರಬರುವ ದಾರಿಯೂ ಆಯಿತು. ದೇಶದಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1981ರಲ್ಲಿ. ಅದು ಶಿಕ್ಷಾರ್ಹ ಅಪರಾಧವೆನಿಸಿದ್ದು 2007ರಲ್ಲಿ. ಕಾನೂನು ಬರುವ ಮೊದಲೇ ಅನೇಕರು ಕಾಲ್ನಡಿಗೆಯಲ್ಲಿ ಬಿಡುಗಡೆ ಪಡೆದಿದ್ದರು. ಹೊರಗಿನವನಿಗೆ ಕಸದ ಗುಡ್ಡೆಯಾಗಿ ಕಂಡದ್ದು ಒಳಗಿದ್ದವನಿಗೆ ಮೊದಲ ಸ್ವಂತ ಮನೆಯಾಗಿತ್ತು.

ನೀರು, ಮರಳು, ಉಪ್ಪು

ಇಷ್ಟು ಜನರಿಗೆ ನೀರೆಲ್ಲಿಂದ? ಪೂರ್ವಕ್ಕೆ ಸುಮಾರು 60 ಕಿ.ಮೀ. ದೂರದ ಇದಿನಿ ಎಂಬಲ್ಲಿನ ಅಂತರ್ಜಲವೇ ದಶಕಗಳ ಕಾಲ ಆಸರೆ. ಕೊಳವೆ ಇಲ್ಲದ ಕೇರಿಗಳಿಗೆ ಕತ್ತೆಗಾಡಿಗಳ ಮೇಲೆ ಪೀಪಾಯಿಗಳಲ್ಲಿ ನೀರು ಬರುತ್ತಿತ್ತು. ನಲ್ಲಿಯಿರುವ ಸಿರಿವಂತನಿಗೆ ಅಗ್ಗವಾದ ನೀರಿಗೆ ಗುಡಿಸಲಿನ ತಾಯಿ ಹಲವು ಪಟ್ಟು ಹೆಚ್ಚು ಬೆಲೆ ತೆರಬೇಕಾಗಿತ್ತು. ಜಗತ್ತಿನ ಎಷ್ಟೋ ನಗರಗಳಲ್ಲಿ ಕಾಣುವ ಅನ್ಯಾಯವಿದು; ನಮ್ಮ ಟ್ಯಾಂಕರ್ ನೀರಿನ ಬೇಸಿಗೆಗಳನ್ನು ನೆನೆದರೆ ಅದು ನಮಗೂ ಅರ್ಥವಾಗುತ್ತದೆ. 2010ರ ಸುಮಾರಿಗೆ ಸೆನೆಗಲ್ ನದಿಯ ನೀರು ಉದ್ದನೆಯ ಕೊಳವೆಯಲ್ಲಿ ನಗರಕ್ಕೆ ಬಂತು.

ಇನ್ನು ಮರಳು. ಬರದಿಂದ ಬೋಳಾದ ನೆಲದಿಂದ ಎದ್ದ ದಿಬ್ಬಗಳು ಬೀದಿಗಳ ಮೇಲೆ ನಡೆದುಬಂದವು. 1975ರಿಂದ ಲೂಥರನ್ ವಿಶ್ವ ಒಕ್ಕೂಟದ ನೆರವಿನೊಡನೆ ನಗರದ ಸುತ್ತ ಹಸಿರು ಪಟ್ಟಿಯೊಂದನ್ನು ಬೆಳೆಸಿದರು. ಮೊದಲು ಒಣ ಕೊಂಬೆಗಳ ತಟ್ಟಿಗಳನ್ನು ಗಾಳಿಗೆ ಅಡ್ಡವಾಗಿ ನೆಟ್ಟು ಮರಳಿನ ಓಟವನ್ನು ನಿಲ್ಲಿಸುವುದು, ಬಳಿಕ ಅದರ ಮರೆಯಲ್ಲಿ ಸಸಿ ನೆಡುವುದು - ಇದು ಅವರ ಕ್ರಮ. ಹೆಚ್ಚಾಗಿ ನೆಟ್ಟ ಗಿಡ ಯಾವುದು ಗೊತ್ತೇ? ನಾವು ಶಪಿಸುತ್ತಾ ಕಡಿಯುವ ಬಳ್ಳಾರಿ ಜಾಲಿ! ನಮ್ಮ ಹೊಲಕ್ಕೆ ಪೀಡೆಯಾದದ್ದು ಅಲ್ಲಿ ಒಂದು ನಗರಕ್ಕೆ ಕಾವಲಾಯಿತು.

ಮೂರನೆಯದು ಕಡಲು. ನಗರದ ಬಹುಭಾಗ ಸಮುದ್ರಮಟ್ಟದ ಆಸುಪಾಸಿನ ತಗ್ಗಿನಲ್ಲಿದೆ. ಕಡಲಿಗೂ ಊರಿಗೂ ನಡುವೆ ಇರುವುದು ತೀರದ ಮರಳದಿಬ್ಬಗಳ ಒಂದು ಸಣ್ಣ ಸಾಲು. ಮನೆ ಕಟ್ಟಲೆಂದು ಆ ದಿಬ್ಬಗಳನ್ನೇ ಅಗೆದರು. ಚೀನಾದ ನೆರವಿನಿಂದ 1986ರಲ್ಲಿ ಮುಗಿದ 'ಸ್ನೇಹದ ಬಂದರು' ದೇಶಕ್ಕೆ ಅನ್ನದ ಬಾಗಿಲಾಯಿತು, ನಿಜ. ಆದರೆ ಅದರ ತಡೆಗೋಡೆ ತೀರದುದ್ದಕ್ಕೂ ದಕ್ಷಿಣಕ್ಕೆ ಸರಿಯುತ್ತಿದ್ದ ಮರಳನ್ನು ಹಿಡಿದುಕೊಂಡಿತು. ಉತ್ತರದಲ್ಲಿ ತೀರ ಬೆಳೆಯಿತು, ದಕ್ಷಿಣದಲ್ಲಿ ಕಡಲು ಒಳನುಗ್ಗಿತು. ಉಳ್ಳಾಲದ ಕಡಲ್ಕೊರೆತವನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ನೆಲದಡಿಯಲ್ಲಿ ಉಪ್ಪುನೀರು ಬಹಳ ಮೇಲೆಯೇ ಇದೆ. ಒಳಚರಂಡಿ ಸಾಲದ ನಗರಕ್ಕೆ ನದಿಯ ನೀರು ಬಂದಾಗ, ಬಳಸಿ ಚೆಲ್ಲಿದ ನೀರೂ ಕೊಳವೆಯಿಂದ ಸೋರಿದ ನೀರೂ ನೆಲಕ್ಕಿಳಿದು ಆ ಮಟ್ಟವನ್ನು ಇನ್ನಷ್ಟು ಏರಿಸಿದವು. 2013ರ ಮಳೆಗಾಲದಲ್ಲಿ ಅನೇಕ ಬಡಾವಣೆಗಳು ಮುಳುಗಿದವು. ನೀರು ಇಳಿಯದೆ ಕೆಲವರು ಮನೆ ತೊರೆದರು. ಬಾಯಾರಿ ಬಂದವರ ಮನೆಗಳನ್ನು ನೀರೇ ತಿಂದಿತು. 1950ರ ನೆರೆ ಹೇಳಿದ ಮಾತನ್ನು ಯಾರೂ ಕೇಳಿಸಿಕೊಂಡಿರಲಿಲ್ಲ.

ಮುರಿದ ಮಾತು

ಎರಡು ಜನಾಂಗಗಳ ನಡುವಿನ ಸಂಧಿಯಾಗಿ ಈ ನಗರವನ್ನು ಕಟ್ಟಿದರೆಂದು ಹೇಳಿದೆ. ಆ ಆಶಯ ಸುಲಭವಾಗಿ ಕೈಗೂಡಲಿಲ್ಲ. 1966ರಲ್ಲಿ ಪ್ರೌಢಶಾಲೆಗಳಲ್ಲಿ ಅರಬ್ಬಿಯನ್ನು ಕಡ್ಡಾಯಗೊಳಿಸಿದಾಗ ರಾಜಧಾನಿಯಲ್ಲೇ ಗಲಭೆಯೆದ್ದಿತು. 1989ರ ಏಪ್ರಿಲ್‌ನಲ್ಲಿ ನದಿಯ ದಂಡೆಯ ದನಗಾಹಿಗಳಿಗೂ ರೈತರಿಗೂ ನಡೆದ ಜಗಳ ಎರಡು ದೇಶಗಳಿಗೆ ಕಿಚ್ಚು ಹಚ್ಚಿತು. ಡಾಕಾರ್‌ನಲ್ಲಿ ಮೂರ್ ಅಂಗಡಿಯವರು, ನುವಾಕ್‌ಶೋಟ್‌ನಲ್ಲಿ ಸೆನೆಗಲ್‌ನವರು ಮತ್ತು ಮಾರಿಟೇನಿಯಾದ ಕಪ್ಪು ಜನರೇ ಬಲಿಯಾದರು. ಬಳಿಕ ತನ್ನದೇ ಪ್ರಜೆಗಳಲ್ಲಿ ಹತ್ತಾರು ಸಾವಿರ ಮಂದಿಯನ್ನು ಆ ದೇಶ ನದಿಯಾಚೆಗೆ ಅಟ್ಟಿತು. ಸುಮಾರು 24,000 ಮಂದಿ ವಿಶ್ವಸಂಸ್ಥೆಯ ನೆರವಿನಿಂದ ಮರಳಿದ್ದು 2008ರಿಂದ 2012ರ ನಡುವೆ, ಅಂದರೆ ಎರಡು ದಶಕಗಳ ನಂತರ. ಬರದಿಂದ ಬಂದವರಿಗೆಲ್ಲ ಹೇಗೋ ಜಾಗ ಕೊಟ್ಟ ನಗರ, ದ್ವೇಷದ ವೇಳೆ ತನ್ನವರಿಗೇ ಜಾಗವಿಲ್ಲವೆಂದಿತು.

ಈ ನಗರದಲ್ಲಿ ನಮ್ಮ ಧರ್ಮಸಭೆಯದೂ ಒಂದು ಸಣ್ಣ ನೆಲೆಯಿದೆ. 1965ರ ಡಿಸೆಂಬರ್ 18ರಂದು ಸ್ಥಾಪನೆಯಾದ ನುವಾಕ್‌ಶೋಟ್ ಧರ್ಮಪ್ರಾಂತವು ಇಡೀ ದೇಶವನ್ನು ಒಳಗೊಂಡಿದೆ. ಸಂತ ಜೋಸೆಫರ ಪ್ರಧಾನಾಲಯ ರಾಜಧಾನಿಯಲ್ಲಿದೆ. ದೇಶದ ಪ್ರಜೆಗಳೆಲ್ಲ ಮುಸಲ್ಮಾನರು. ಬಲಿಪೂಜೆಗೆ ಸೇರುವ ಕೆಲವೇ ಸಾವಿರ ವಿಶ್ವಾಸಿಗಳು ಹೆಚ್ಚಾಗಿ ನೆರೆರಾಷ್ಟ್ರಗಳಿಂದ ದುಡಿಯಲು ಬಂದ ಬಡವರು. ಕೊಲ್ಲಿ ರಾಷ್ಟ್ರಗಳ ಇಗರ್ಜಿಗಳಲ್ಲಿ ಶುಕ್ರವಾರ ಸೇರುವ ನಮ್ಮ ಮಕ್ಕಳಂತೆ ಅವರೂ ಪರಸ್ಥಳದ ಆರಾಧಕರು.

ಮರಳಿನ ಮೇಲೆ ಮನೆ ಕಟ್ಟಿದವನ ಸಾಮತಿಯನ್ನು ನಾನು ಎಷ್ಟೋ ಬಾರಿ ಪೀಠದಿಂದ ವಿವರಿಸಿದ್ದೇನೆ. ಅವನನ್ನು ಬುದ್ಧಿಗೇಡಿಯೆಂದು ಸಲೀಸಾಗಿ ಕರೆದಿದ್ದೇನೆ. ನುವಾಕ್‌ಶೋಟ್‌ನ ಚರಿತ್ರೆಯನ್ನು ಓದಿದ ಮೇಲೆ ಹಾಗೆ ಹೇಳುವಾಗ ನಾಲಿಗೆ ತಡವರಿಸುತ್ತದೆ. ಬಂಡೆಯನ್ನು ಆರಿಸಿಕೊಳ್ಳುವ ಅವಕಾಶ ಎಲ್ಲರಿಗೂ ಇರುವುದಿಲ್ಲ. ಹಿಂಡು ಸತ್ತವನಿಗೆ, ಒಡೆಯನಿಂದ ತಪ್ಪಿಸಿಕೊಂಡವಳಿಗೆ ಸಿಕ್ಕಿದ್ದು ಮರಳು ಮಾತ್ರ. ಪ್ರಿಯ ಓದುಗರೇ, ನಮ್ಮ ಪಟ್ಟಣಗಳ ಅಂಚಿನಲ್ಲೂ ಉತ್ತರ ಕರ್ನಾಟಕದ ಬರದಿಂದ ಬಂದು ಪ್ಲಾಸ್ಟಿಕ್ ಹೊದಿಕೆಯ ಗುಡಾರಗಳಲ್ಲಿ ಬದುಕುವ ಕುಟುಂಬಗಳಿವೆ. ನಮ್ಮ ಮನೆಗಳ ಅಡಿಪಾಯ ತೋಡಿದವರು ಅವರೇ. ಅವರ ಊರು ಯಾವುದು, ಅಲ್ಲಿ ಮಳೆ ಬಂತೇ ಎಂದು ನಾವು ಒಮ್ಮೆಯಾದರೂ ಕೇಳಿದ್ದೇವೆಯೇ?